ಹಳೆಯ ಕ್ಯಾಮೆರಾ ಕೊಳ್ಳುವ ಮುನ್ನ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಸೀಮೆಯಲ್ಲಿ, ಎಂದರೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಲ್ಲಿ, ಹಳೆಯ ಮನೆಗಳ ಪಡಸಾಲೆಯ ಗೋಡೆಯನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ದೇವರ ಪಟಗಳ ಸಾಲಿನ ಪಕ್ಕದಲ್ಲಿ ತೂಗುವ ಕಪ್ಪು-ಬಿಳುಪಿನ ಛಾಯಾಚಿತ್ರಗಳಲ್ಲಿ ಅನೇಕವು ಉದ್ದಗಲಗಳು ಸಮನಾಗಿರುವ ಚೌಕಗಳು. ರುಮಾಲು ಸುತ್ತಿದ ಹಿರಿಯರು, ಇಳಕಲ್ ಸೀರೆಯುಟ್ಟ ಗೃಹಿಣಿ, ಬಾಸಿಂಗ ಕಟ್ಟಿದ ವಧೂವರರು, ಎಲ್ಲರೂ ಚೌಕದೊಳಗೇ ನಿಂತಿದ್ದಾರೆ. ಇದು ಚಿತ್ರ ತೆಗೆದವನ ಅಭಿರುಚಿಯಿಂದ ಮಾತ್ರ ಆದುದಲ್ಲ; ಅವನ ಕೈಯಲ್ಲಿದ್ದ ಯಂತ್ರದ ಗುಣದಿಂದ ಆದುದು. 6 ಸೆಂಟಿಮೀಟರ್ ಅಗಲದ ಫಿಲ್ಮಿನ ಮೇಲೆ ಚೌಕಾಕಾರದ ಬಿಂಬವನ್ನು ಮೂಡಿಸುವ, ‘ಮಧ್ಯಮ ಅಳತೆ’ಯದೆಂದು ಕರೆಯಲ್ಪಡುವ ಕ್ಯಾಮೆರಾ ಅದು.

ಇಂಥ ಕ್ಯಾಮೆರಾಗಳು ಈಗ ಮತ್ತೆ ಕೈಯಿಂದ ಕೈಗೆ ಸಾಗುತ್ತಿವೆ. ಸ್ಟುಡಿಯೋ ಮುಚ್ಚಿದವರ ಕಪಾಟಿನಿಂದ, ಅಟ್ಟದ ಮೇಲಣ ಟ್ರಂಕಿನಿಂದ, ದೊಡ್ಡ ಊರುಗಳ ಹಳೆಯ ಸಾಮಾನಿನ ಅಂಗಡಿಗಳಿಂದ ಅವು ಹೊರಬರುತ್ತವೆ. ಕೈದೂರವಾಣಿಯಲ್ಲಿ ಸಾವಿರಾರು ಚಿತ್ರ ತೆಗೆದು ಬೇಸತ್ತ ವಿದ್ಯಾರ್ಥಿಗಳಿಗೆ ಅವುಗಳ ಮೇಲೆ ಆಸೆ ಹುಟ್ಟುವುದು ಸಹಜ. ಆದರೆ ವಿದ್ಯಾರ್ಥಿಯ ಹಣ ಕಷ್ಟದ ಹಣ. ಹೊರಗೆ ಹೊಳೆಯುವ ಕ್ಯಾಮೆರಾ ಒಳಗೆ ಸತ್ತಿರಬಹುದು. ಧೂಳು ಹಿಡಿದ ಕ್ಯಾಮೆರಾ ಒಳಗೆ ಆರೋಗ್ಯವಾಗಿರಬಹುದು. ಎರಡನ್ನೂ ಬೇರ್ಪಡಿಸಲು ಬೇಕಾಗುವುದು ಪ್ರೌಢಶಾಲೆಯ ಭೌತಶಾಸ್ತ್ರ, ಒಂದು ಕೈದೀಪ ಮತ್ತು ಸ್ವಲ್ಪ ತಾಳ್ಮೆ.

ಮೊದಲು ಫಿಲ್ಮಿನ ವಿಚಾರ. ಅಮೆರಿಕದ ಕೊಡಕ್ ಸಂಸ್ಥೆಯವರು 1901ರಲ್ಲಿ ತಮ್ಮ 2ನೆಯ ಕ್ರಮಾಂಕದ ಬ್ರೌನಿ ಕ್ಯಾಮೆರಾಕ್ಕಾಗಿ ಒಂದು ಸುರುಳಿ ಫಿಲ್ಮನ್ನು ತಯಾರಿಸಿದರು. ಅದಕ್ಕೆ 120 ಎಂಬ ಸಂಖ್ಯೆ ಬಂದಿತು. ಶತಮಾನವೊಂದು ಕಳೆದು ಎಷ್ಟೋ ಬಗೆಯ ಫಿಲ್ಮುಗಳು ಹುಟ್ಟಿ ಅಳಿದರೂ ಈ 120 ಮಾತ್ರ ಇಂದಿಗೂ ತಯಾರಾಗುತ್ತಿದೆ. ಅದೇ ಸುರುಳಿಯಲ್ಲಿ, ಕ್ಯಾಮೆರಾ ಯಾವುದೆಂಬುದರ ಮೇಲೆ, 6×9 ಅಳತೆಯ 8 ಚಿತ್ರಗಳನ್ನಾಗಲಿ, 6×6 ಅಳತೆಯ 12 ಚಿತ್ರಗಳನ್ನಾಗಲಿ, 6×4.5 ಅಳತೆಯ 15 ಅಥವಾ 16 ಚಿತ್ರಗಳನ್ನಾಗಲಿ ತೆಗೆಯಬಹುದು.

ಹನ್ನೆರಡೇ ಚಿತ್ರಗಳಿಗಾಗಿ ಇಷ್ಟು ಕಷ್ಟವೇಕೆ ಎಂದು ವಾಚಕರು ಕೇಳಬಹುದು. ಉತ್ತರ ಕ್ಷೇತ್ರಫಲದಲ್ಲಿದೆ. ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನ ಚಿತ್ರ 24×36 ಮಿಲಿಮೀಟರ್, ಎಂದರೆ 864 ಚದರ ಮಿಲಿಮೀಟರ್. ‘6×6’ ಎಂದು ಹೆಸರಿಸುವ ಚಿತ್ರ ವಾಸ್ತವವಾಗಿ ಸುಮಾರು 56×56 ಮಿಲಿಮೀಟರ್, ಎಂದರೆ 3136 ಚದರ ಮಿಲಿಮೀಟರ್. ಮೂರೂವರೆ ಪಟ್ಟಿಗೂ ಹೆಚ್ಚು. 30 ಸೆಂಟಿಮೀಟರ್ ಚೌಕದ ಮುದ್ರಣ ಬೇಕೆಂದರೆ ಇದನ್ನು ಐದೂವರೆ ಪಟ್ಟಿಗೂ ಕಡಿಮೆ ಹಿಗ್ಗಿಸಿದರೆ ಸಾಕು. ಚಿಕ್ಕ ಫಿಲ್ಮಿನಿಂದ ಅದೇ ಚೌಕವನ್ನು ಪಡೆಯಲು ಹನ್ನೆರಡೂವರೆ ಪಟ್ಟು ಹಿಗ್ಗಿಸಬೇಕು. ಹಿಗ್ಗಿಸಿದಷ್ಟೂ ಫಿಲ್ಮಿನ ಬೆಳ್ಳಿಯ ಕಣಗಳೂ ಮಸೂರದ ದೋಷಗಳೂ ಹಿಗ್ಗುತ್ತವೆ. ರಬಕವಿ-ಬನಹಟ್ಟಿಯ ಮಗ್ಗದ ಮೇಲೆ ಹಾಸಿದ ಎಳೆಗಳನ್ನು ಒಂದೊಂದಾಗಿ ಎಣಿಸುವಂತೆ ಚಿತ್ರಿಸಬೇಕೆಂಬ ಹಂಬಲವುಳ್ಳವನಿಗೆ ಈ ಲೆಕ್ಕ ಬೇಗನೆ ಮನದಟ್ಟಾಗುತ್ತದೆ.

ಆದುದರಿಂದ ಕ್ಯಾಮೆರಾ ಕೈಗೆ ಬಂದ ಕೂಡಲೆ ಮೊದಲು ಕೇಳಬೇಕಾದುದು, ಇದಕ್ಕೆ ಯಾವ ಫಿಲ್ಮು ಎಂದು. ಇಲ್ಲಿ ಒಂದು ಬಲೆ ಇದೆ. 1930ರ ದಶಕದ ಆರಂಭದಲ್ಲಿ ಕೊಡಕ್ ಸಂಸ್ಥೆ 620 ಎಂಬ ಇನ್ನೊಂದು ಸುರುಳಿಯನ್ನು ಹೊರತಂದಿತು. ಫಿಲ್ಮು 120ರದೇ, ಆದರೆ ಸುತ್ತುವ ಕದಿರು ತೆಳ್ಳಗಿನದು. 1995ರಲ್ಲಿ ಅದರ ತಯಾರಿಕೆ ನಿಂತಿತು. 620ಕ್ಕೆಂದು ಮಾಡಿದ ಕ್ಯಾಮೆರಾದಲ್ಲಿ 120ರ ಸುರುಳಿ ಸಾಮಾನ್ಯವಾಗಿ ಕೂರುವುದಿಲ್ಲ. ಕತ್ತಲೆಯಲ್ಲಿ ಫಿಲ್ಮನ್ನು ಒಂದು ಕದಿರಿನಿಂದ ಇನ್ನೊಂದಕ್ಕೆ ಸುತ್ತಿ ಕೆಲಸ ಸಾಗಿಸುವ ನಿಪುಣರಿದ್ದಾರೆ. ಹೊಸಬರು ಆ ಗೋಜಿಗೆ ಹೋಗಬಾರದು. ಹಿಂಬದಿಯ ಮುಚ್ಚಳವನ್ನು ತೆರೆದರೆ ಒಳಗೆ ಸಂಖ್ಯೆ ಅಚ್ಚಾಗಿರುವುದುಂಟು. ಒಳಗೆ ಒಂದು ಖಾಲಿ ಕದಿರು ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಅದಿಲ್ಲದೆ ಹೊಸ ಸುರುಳಿಯನ್ನು ಸುತ್ತಿಕೊಳ್ಳಲು ಸ್ಥಳವೇ ಇರುವುದಿಲ್ಲ.

ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಲ್ಲಿ ಅತ್ಯಂತ ಹೆಚ್ಚಾಗಿ ದೊರೆಯುವುದು ಆಗ್ಫಾ ಕ್ಲಿಕ್-3. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಸಂಸ್ಥೆ ಇದನ್ನು ತಯಾರಿಸುತ್ತಿತ್ತು. ಸರಳವಾದ ಮಸೂರ, ಒಂದೇ ಕವಾಟ ವೇಗ, ಬಿಸಿಲು-ಮೋಡಗಳೆಂಬ ಗುರುತು. ಇದು 120ರ ಫಿಲ್ಮಿನಲ್ಲಿ 12 ಚೌಕಗಳನ್ನು ಕೊಡುತ್ತದೆ. ಅಗ್ಗವಾಗಿ ಅಥವಾ ಅಜ್ಜನ ಪೆಟ್ಟಿಗೆಯಿಂದ ಪುಕ್ಕಟೆಯಾಗಿ ದೊರೆತರೆ ಇದರಿಂದಲೇ ಪ್ರಾರಂಭಿಸುವುದರಲ್ಲಿ ಅವಮಾನವೇನೂ ಇಲ್ಲ. ಚಿತ್ರದ ಮಧ್ಯಭಾಗ ಸ್ಫುಟವಾಗಿಯೂ ಅಂಚುಗಳು ಮಬ್ಬಾಗಿಯೂ ಬರುತ್ತವೆ. ಒಂಟಿ ಮಸೂರದ ಸ್ವಭಾವವೇ ಹಾಗೆ.

ಆದರೆ ಅದರ ಮಿತಿಯನ್ನು ಅರಿತಿರಬೇಕು. ಮುಧೋಳದ ಬೇಟೆನಾಯಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. (2005ರಲ್ಲಿ ಅಂಚೆಚೀಟಿಯ ಗೌರವವನ್ನೂ ಪಡೆದ ಪ್ರಾಣಿ ಅದು.) ಅದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನಮ್ಮ ಮುಂದೆ ಅಡ್ಡಲಾಗಿ ಓಡಿತೆನ್ನಿ. ಸೆಕೆಂಡಿಗೆ ಸುಮಾರು 14 ಮೀಟರ್. ಕವಾಟ ಒಂದು ಸೆಕೆಂಡಿನ 30ನೆಯ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ನಾಯಿ 46 ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. ಹತ್ತು ಮೀಟರ್ ದೂರದಿಂದ 75 ಮಿಲಿಮೀಟರ್ ನಾಭಿದೂರದ ಮಸೂರದಲ್ಲಿ ನೋಡಿದರೆ ಫಿಲ್ಮಿನ ಮೇಲೆ ಅದರ ಬಿಂಬ ಮೂರೂವರೆ ಮಿಲಿಮೀಟರ್ ಜಾರುತ್ತದೆ. ನಾಯಿಯ ಬದಲು ಒಂದು ಹೊಗೆಯ ಪಟ್ಟಿ ದೊರೆಯುತ್ತದೆ. ಕವಾಟದ ವೇಗ 500ನೆಯ ಒಂದು ಭಾಗವಾದರೆ ಜಾರುವಿಕೆ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಾಯಿ ನೇರವಾಗಿ ನಮ್ಮೆಡೆಗೆ ಓಡಿಬಂದರೆ ಇನ್ನೂ ಕಡಿಮೆ, ಧೈರ್ಯವಿದ್ದವರಿಗೆ!

ಸ್ವಲ್ಪ ಹೆಚ್ಚು ಹಣ ಹಾಕಬಲ್ಲವರಿಗೆ ನಾವು ಸೂಚಿಸುವುದು ಅವಳಿ ಮಸೂರದ ಕ್ಯಾಮೆರಾವನ್ನು. ಒಂದರ ಮೇಲೊಂದು ಎರಡು ಮಸೂರಗಳು. ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ಮೇಲಿನ ಮಸೂರದ ಹಿಂದೆ ಓರೆಯಾಗಿ ನಿಲ್ಲಿಸಿದ ಕನ್ನಡಿ ಬಿಂಬವನ್ನು ಮೇಲಕ್ಕೆ ತಿರುಗಿಸಿ ಮಸಕು ಗಾಜಿನ ಮೇಲೆ ಬೀಳಿಸುತ್ತದೆ. ತಲೆ ಬಗ್ಗಿಸಿ ನೋಡಿದರೆ ಲೋಕವೆಲ್ಲ ಎಡಬಲವಾಗಿ ತೋರುತ್ತದೆ. ಎತ್ತಿನ ಬಂಡಿ ಬಲಕ್ಕೆ ಸಾಗಿದರೆ ಗಾಜಿನಲ್ಲಿ ಎಡಕ್ಕೆ! ನಾಲ್ಕು ದಿನದ ಅಭ್ಯಾಸದಿಂದ ಇದು ಕೈವಶವಾಗುತ್ತದೆ. ಎರಡು ಮಸೂರಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರವಿರುವುದರಿಂದ ಸಮೀಪದ ವಸ್ತುಗಳನ್ನು ತೆಗೆಯುವಾಗ ನೋಡಿದ್ದಕ್ಕೂ ಫಿಲ್ಮಿನಲ್ಲಿ ಬಿದ್ದದ್ದಕ್ಕೂ ವ್ಯತ್ಯಾಸವಾಗುತ್ತದೆ. ಹತ್ತು ಮೀಟರ್ ದೂರದ ಗುಡಿಗೆ ಈ ಭೇದ ಲೆಕ್ಕಕ್ಕಿಲ್ಲ; ಒಂದು ಮೀಟರ್ ದೂರದ ಮುಖಕ್ಕೆ ನೆತ್ತಿಯನ್ನು ಕತ್ತರಿಸಲು ಸಾಕು.

ಈ ಬಗೆಯ ಯಂತ್ರಕ್ಕೆ ಮಾದರಿಯಾದದ್ದು ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ 1929ರಲ್ಲಿ ಹೊರಬಂದ ರೋಲಿಫ್ಲೆಕ್ಸ್. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಖ್ಯಾತರಾದ ಹೋಮಾಯ್ ವ್ಯಾರಾವಾಲಾ (1913–2012) ಅವರು ಬಳಸಿದ ಕ್ಯಾಮೆರಾಗಳಲ್ಲಿ ಅದೂ ಒಂದು. ಅದರ ತಮ್ಮನಂತಿರುವ ರೋಲಿಕಾರ್ಡ್ 1933ರಲ್ಲಿ ಬಂದಿತು. ಜಪಾನಿನ ಯಾಶಿಕಾ, ಚೀನದ ಸೀಗಲ್, ರಷ್ಯದ ಲ್ಯೂಬಿಟೆಲ್‌ಗಳು ಇದೇ ಪಂಗಡದವು. ಮದುವೆಯ ಛಾಯಾಗ್ರಾಹಕರು ಮೆಚ್ಚಿಕೊಂಡಿದ್ದ ಯಾಶಿಕಾ 635 ಮತ್ತು 1970ರಲ್ಲಿ ಬಂದ ಯಾಶಿಕಾ-ಮ್ಯಾಟ್ 124ಜಿ ನಮ್ಮಲ್ಲಿ ಇಂದಿಗೂ ಸಿಗುವುದುಂಟು. ಎರಡನೆಯದರ ಮಸೂರದಲ್ಲಿ ನಾಲ್ಕು ಗಾಜುಗಳು. ಕವಾಟ ಒಂದು ಸೆಕೆಂಡಿನಿಂದ 500ನೆಯ ಒಂದು ಭಾಗದವರೆಗೆ. ಹೊಸಬರಿಗೆ ಇದಕ್ಕಿಂತ ಮಿಗಿಲಾದುದು ಬೇಕಿಲ್ಲವೆಂದು ನಮ್ಮ ಅಭಿಪ್ರಾಯ. ಲ್ಯೂಬಿಟೆಲ್ ಅಗ್ಗ, ಹಗುರ. ಆದರೆ ಅದರ ನೋಡುಗಾಜಿನಲ್ಲಿ ಸ್ಫುಟತೆಯನ್ನು ಗುರುತಿಸುವುದು ಕಷ್ಟ. ಹ್ಯಾಸೆಲ್‌ಬ್ಲಾಡ್ ಚಂದ್ರನ ಮೇಲೂ ಹೋಗಿಬಂದ ಕ್ಯಾಮೆರಾ. ಹೋಗಿಬಂದ ಎನ್ನುವುದು ಪೂರ್ತಿ ಸರಿಯಲ್ಲ: 1969ರ ಜುಲೈಯಲ್ಲಿ ಚಂದ್ರನ ನೆಲದ ಮೇಲೆ ಬಳಸಿದ ಕ್ಯಾಮೆರಾವನ್ನು ಅಲ್ಲಿಯೇ ಬಿಟ್ಟು ಫಿಲ್ಮನ್ನು ಮಾತ್ರ ತಂದರು. ಅದರ ಬೆಲೆ ಕೇಳಿದ ಮೇಲೆ ವಿದ್ಯಾರ್ಥಿಯು ಅದನ್ನು ಚಂದ್ರನಲ್ಲೇ ಬಿಡುವುದು ಲೇಸು.

ಮಡಿಸುವ, ತಿದಿಯುಳ್ಳ ಕ್ಯಾಮೆರಾಗಳೂ ಇವೆ. ಅಂಗಿಯ ಜೇಬಿಗಲ್ಲದಿದ್ದರೂ ಕೋಟಿನ ಜೇಬಿಗೆ ಇಳಿಯುತ್ತವೆ. ಅವುಗಳಲ್ಲಿ ನೋಡಬೇಕಾದುದು ತಿದಿಯ ಮೂಲೆಗಳನ್ನು. ಕತ್ತಲೆ ಕೋಣೆಯಲ್ಲಿ ತಿದಿಯೊಳಗೆ ಕೈದೀಪವಿಟ್ಟು ಹೊರಗಿನಿಂದ ನಿಧಾನವಾಗಿ ತಿರುಗಿಸಿ ನೋಡಿದರೆ, ರಂಧ್ರವಿದ್ದಲ್ಲಿ ನಕ್ಷತ್ರ ಮಿನುಗುತ್ತದೆ. ಆಗ್ಫಾ ಐಸೊಲೆಟ್ ಎಂಬ ಮಾದರಿಯಲ್ಲಿ ಈ ರೋಗ ಸಾಮಾನ್ಯ; ಜೊತೆಗೆ ಅದರ ಮಸೂರದ ತಿರುಪಿಗೆ ಹಚ್ಚಿದ ಹಸಿರು ಜಿಡ್ಡು ದಶಕಗಳಲ್ಲಿ ಅರಗಿನಂತೆ ಗಟ್ಟಿಯಾಗಿ, ದೂರವನ್ನು ಹೊಂದಿಸುವ ಬಳೆಯೇ ತಿರುಗದಂತಾಗಿರುತ್ತದೆ.

ಈಗ ಪರೀಕ್ಷೆಗೆ ಬರೋಣ. ಕವಾಟವನ್ನು ‘ಬಿ’ ಗುರುತಿನಲ್ಲಿಟ್ಟು ತೆರೆದು ಹಿಡಿದು, ಹಿಂದಿನಿಂದ ಕೈದೀಪವನ್ನು ಓರೆಯಾಗಿ ಹಾಯಿಸಿ ಮಸೂರವನ್ನು ನೋಡಬೇಕು. ನಾಲ್ಕಾರು ಧೂಳಿನ ಕಣಗಳಿಂದ ಯಾವ ಹಾನಿಯೂ ಇಲ್ಲ. ಭಯಪಡಬೇಕಾದುದು ಜೇಡರ ಬಲೆಯಂಥ ಕವಲು ಗೆರೆಗಳಿಗೆ. ಅದು ಶಿಲೀಂಧ್ರ, ಎಂದರೆ ಬೂಷ್ಟು. ತೇವದ ಗಾಳಿಯಲ್ಲಿ ಬೆಳೆದು, ತಾನು ಒಸರುವ ಆಮ್ಲಗಳಿಂದ ಗಾಜಿನ ಲೇಪವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ. ಈ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಮಂಗಳೂರಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಾಗ ಬಾಗಲಕೋಟೆ ಜಿಲ್ಲೆಯಲ್ಲಿ ಬೀಳುವುದು ಅದರ ಐದನೆಯ ಒಂದು ಭಾಗದಷ್ಟು. ಕರಾವಳಿಯಲ್ಲಿ ಮುವ್ವತ್ತು ಮಳೆಗಾಲ ಕಳೆದ ಮಸೂರಕ್ಕಿಂತ ಬೀಳಗಿಯ ಟ್ರಂಕಿನಲ್ಲಿ ಮಲಗಿದ್ದ ಮಸೂರ ನಿರ್ಮಲವಾಗಿರುವ ಸಂಭವ ಹೆಚ್ಚು. ಆದರೆ ಬಿಸಿಲು ತನ್ನ ಪಾಲನ್ನು ಬಿಡುವುದಿಲ್ಲ. 40 ಡಿಗ್ರಿಯ ಬೇಸಗೆಗಳಲ್ಲಿ ಯಂತ್ರದ ಎಣ್ಣೆ ತೆಳುವಾಗಿ ಹರಿದು ಕವಾಟದ ಎಲೆಗಳಿಗೆ ಹತ್ತುತ್ತದೆ. ಅದಕ್ಕೆ ಎರೆಮಣ್ಣಿನ ನವಿರಾದ ಧೂಳು ಸೇರಿ ಅಂಟಾಗುತ್ತದೆ. ಎಲೆಗಳು ನಿಧಾನವಾಗಿ, ಅಥವಾ ಅರ್ಧಕ್ಕೇ, ತೆರೆಯುತ್ತವೆ.

ಕವಾಟದ ವೇಗವನ್ನು ಅಳೆಯಲು ಹಿಂದೆ ಪ್ರಯೋಗಾಲಯ ಬೇಕಿತ್ತು. ಈಗ ಜೇಬಿನಲ್ಲಿರುವ ಕೈದೂರವಾಣಿಯೇ ಸಾಕು. ಅನೇಕ ಕೈದೂರವಾಣಿಗಳು ಸೆಕೆಂಡಿಗೆ 240 ಚೌಕಟ್ಟುಗಳಂತೆ ಚಲಚ್ಚಿತ್ರ ತೆಗೆಯಬಲ್ಲವು. ಕ್ಯಾಮೆರಾದ ಹಿಂಬದಿಯನ್ನು ತೆರೆದು, ಮಸೂರವನ್ನು ಬೆಳಕಿನ ಕಡೆಗೆ ಮಾಡಿ, ಕವಾಟ ಬಿಡುವುದನ್ನು ಚಿತ್ರಿಸಿ, ಎಷ್ಟು ಚೌಕಟ್ಟುಗಳಲ್ಲಿ ಬೆಳಕು ಕಾಣುತ್ತದೆಂದು ಎಣಿಸಬೇಕು. 30ನೆಯ ಒಂದು ಭಾಗಕ್ಕೆ ಎಂಟು ಚೌಕಟ್ಟು, 15ನೆಯ ಒಂದು ಭಾಗಕ್ಕೆ ಹದಿನಾರು. ಎಂಟರ ಬದಲು ಹತ್ತು ಬಂದರೆ ಚಿಂತೆಯಿಲ್ಲ. ಇಪ್ಪತ್ತು ಬಂದರೆ ಕವಾಟಕ್ಕೆ ಶುಚಿ ಬೇಕು. 500ನೆಯ ಒಂದು ಭಾಗವನ್ನು ಈ ವಿಧಾನದಿಂದ ಅಳೆಯಲಾಗದು, ಅದು ಒಂದು ಚೌಕಟ್ಟಿನ ಅವಧಿಗಿಂತಲೂ ಚಿಕ್ಕದು. ಮಾರುವವನು ‘ಬಳಸುತ್ತ ಬಳಸುತ್ತ ಸರಿಹೋಗುತ್ತದೆ’ ಎಂದರೆ ನಂಬಬಾರದು. ಒಣಗಿದ ಜಿಡ್ಡು ಬಳಕೆಯಿಂದ ತೊಲಗುವುದಿಲ್ಲ.

ಸ್ಫುಟತೆಯ ಪರೀಕ್ಷೆಯೂ ಇಷ್ಟೇ ಸುಲಭ. ಫಿಲ್ಮು ಹಾಯುವ ಹಳಿಗಳ ಮೇಲೆ ಮೇಣಗಾಗದವನ್ನು ಬಿಗಿಯಾಗಿ ಅಂಟಿಸಿ, ಕವಾಟ ತೆರೆದಿಟ್ಟು, ದೂರದ ಗುಡಿಯ ಶಿಖರವನ್ನೋ ಮೊಬೈಲ್ ಗೋಪುರವನ್ನೋ ನೋಡಬೇಕು. ಮೇಲಿನ ಗಾಜಿನಲ್ಲಿ ಬಿಂಬ ಸ್ಫುಟವಾದಾಗ ಕೆಳಗಿನ ಕಾಗದದ ಮೇಲೂ ಸ್ಫುಟವಾಗಬೇಕು, ಮತ್ತು ಗುಂಡಿಯ ಮೇಲಿನ ಗುರುತು ಅನಂತ ದೂರದಲ್ಲಿರಬೇಕು. ಮೂರೂ ಹೊಂದದಿದ್ದರೆ ಯಾರೋ ಅದನ್ನು ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆಂದೇ ತಿಳಿಯಬೇಕು.

ಬೆಳಕಿನ ಮಾಪಕ ಕೆಟ್ಟಿದ್ದರೆ ಅದಕ್ಕಾಗಿ ಕ್ಯಾಮೆರಾವನ್ನು ತಿರಸ್ಕರಿಸಬೇಕಾಗಿಲ್ಲ. ಬೆಲೆಯನ್ನು ಇಳಿಸಲು ಅದು ಒಳ್ಳೆಯ ಕಾರಣ. 124ಜಿಯ ಮಾಪಕ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದ್ದು. ಆ ಬ್ಯಾಟರಿ ಈಗ ಮಾರುಕಟ್ಟೆಯಲ್ಲಿಲ್ಲ. 1.5 ವೋಲ್ಟಿನದನ್ನು ಹಾಕಿದರೆ ಅಳತೆ ತಪ್ಪುತ್ತದೆ. ಅದರ ಬದಲು ಹಳೆಯ ಸೂತ್ರವೊಂದನ್ನು ಕಲಿಯಬಹುದು: ಸ್ವಚ್ಛ ಬಿಸಿಲಿನಲ್ಲಿ ದ್ವಾರವನ್ನು ಎಫ್/16ಕ್ಕೆ ಇಟ್ಟು, ಫಿಲ್ಮಿನ ಐ.ಎಸ್.ಒ. ಸಂಖ್ಯೆಗೆ ಸಮೀಪದ ವೇಗವನ್ನು ಕೊಡುವುದು. 100ರ ಫಿಲ್ಮಿಗೆ 125ನೆಯ ಒಂದು ಭಾಗ, 400ರದಕ್ಕೆ 500ನೆಯ ಒಂದು ಭಾಗ. ವರ್ಷದ ಹೆಚ್ಚು ಭಾಗ ಮೋಡವಿಲ್ಲದ ಆಕಾಶವುಳ್ಳ ನಮ್ಮ ಸೀಮೆಗೆಂದೇ ಮಾಡಿದಂತಿದೆ ಈ ಸೂತ್ರ. ಮಗ್ಗದ ಮನೆಯೊಳಗೆ ಇದು ನಡೆಯದು. ಅಲ್ಲಿ ಕೈದೂರವಾಣಿಯ ಮಾಪಕವೇ ಗತಿ.

ಇನ್ನೊಂದು ಮಾತು. ಅನೇಕ ಕ್ಯಾಮೆರಾಗಳ ಹಿಂಬದಿಯಲ್ಲಿ ಚಿತ್ರದ ಸಂಖ್ಯೆಯನ್ನು ಓದಲು ಕೆಂಪು ಕಿಟಕಿಯೊಂದಿರುತ್ತದೆ. ಕೆಂಪೇ ಏಕೆ? ಹಿಂದಿನ ಫಿಲ್ಮುಗಳು ಕೆಂಪು ಬೆಳಕಿಗೆ ಕುರುಡಾಗಿದ್ದವು. ಇಂದಿನ ಫಿಲ್ಮುಗಳು ಎಲ್ಲ ಬಣ್ಣಗಳನ್ನೂ ಕಾಣಬಲ್ಲವು. ಅವುಗಳಿಗೆ ಆ ಕಿಟಕಿ ರಕ್ಷಣೆಯಲ್ಲ. ಫಿಲ್ಮಿನ ಹಿಂದಿನ ಕಾಗದ ಬಹುಮಟ್ಟಿಗೆ ಕಾಪಾಡಿದರೂ, ಕಿಟಕಿಗೆ ಕಪ್ಪು ಪಟ್ಟಿ ಅಂಟಿಸಿ, ನೆರಳಿನಲ್ಲಿ ಮಾತ್ರ ತೆರೆದು ನೋಡುವುದು ಕ್ಷೇಮ.

ಬೆಲೆಯ ವಿಚಾರದಲ್ಲಿ ನಾವು ಅಂಕಿ ಹೇಳಲಾರೆವು, ಅದು ತಿಂಗಳು ತಿಂಗಳಿಗೆ ಬದಲಾಗುತ್ತದೆ. ಆದರೆ ಒಂದು ಲೆಕ್ಕಾಚಾರವನ್ನು ಸೂಚಿಸಬಹುದು. ಕೈಯಲ್ಲಿರುವ ಹಣದ ಅರ್ಧವನ್ನು ಮಾತ್ರ ಕ್ಯಾಮೆರಾಕ್ಕೆ ಇಡಬೇಕು. ಉಳಿದ ಅರ್ಧ ಫಿಲ್ಮಿಗೆ, ರಾಸಾಯನಿಕಗಳಿಗೆ, ಮತ್ತು ಬಂದೇ ಬರುವ ಒಂದು ರಿಪೇರಿಗೆ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿಯೇ ಫಿಲ್ಮು ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪಿತವಾದ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಸುರುಳಿಗಳನ್ನು ಹಿರಿಯ ಛಾಯಾಗ್ರಾಹಕರು ಇನ್ನೂ ನೆನೆಯುತ್ತಾರೆ. ಆ ಕಾರ್ಖಾನೆ ಈಗ ಮುಚ್ಚಿದೆ. ಇಂದು ದೊರೆಯುವುದೆಲ್ಲ ಆಮದಿನ ಸರಕು. ಬೆಂಗಳೂರು, ಮುಂಬಯಿಗಳಿಂದ ಅಂಚೆಯಲ್ಲಿ ತರಿಸಬೇಕಾಗುತ್ತದೆ. ಒಂದೊಂದು ಸುರುಳಿಗೂ ನೂರಾರು ರೂಪಾಯಿ. ಕ್ಯಾಮೆರಾ ಕೊಂಡು ಫಿಲ್ಮಿಗೆ ಹಣವಿಲ್ಲದೆ ಕುಳಿತವನ ಸ್ಥಿತಿ, ಎತ್ತು ಕೊಂಡು ಮೇವಿಗೆ ಪರದಾಡಿದವನಂತೆ.

ಕೊಳ್ಳುವಾಗ ಮುಚ್ಚಳವನ್ನು ಥಟ್ಟನೆ ತೆರೆಯುವ ಚಪಲವನ್ನು ತಡೆಯಬೇಕು. ಒಳಗೆ ಅರ್ಧ ತೆಗೆದ ಸುರುಳಿ ಇದ್ದರೂ ಇರಬಹುದು. ಮೊದಲು ಗುಂಡಿಯನ್ನು ತಿರುಗಿಸಿ ನೋಡಬೇಕು. ಬಿಗಿ ಕಂಡರೆ ಬಿಗಿ ಸಡಿಲುವವರೆಗೂ ಸುತ್ತಿ, ಆಮೇಲೆ ನೆರಳಿನಲ್ಲಿ ತೆರೆಯಬೇಕು. ಬೆಳಕು ಬಿದ್ದ ಬೆಳ್ಳಿಯ ಹ್ಯಾಲೈಡ್ ಹರಳುಗಳಲ್ಲಿ ಉಂಟಾದ ಅವ್ಯಕ್ತ ಬಿಂಬ ದಶಕಗಳ ಮೇಲೂ, ಮಸುಕಾಗಿಯಾದರೂ, ಉಳಿದಿರಬಲ್ಲದು. ಇದು ಕೇವಲ ಕುತೂಹಲದ ಮಾತಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆಯ ಹಳೆಯ ಪಟ್ಟಣದ ಭಾಗಗಳನ್ನೂ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳನ್ನೂ ನುಂಗಿತು. ಆ ಊರುಗಳ ಓಣಿ, ಕಟ್ಟೆ, ಗುಡಿಗಳು ಇಂದು ಉಳಿದಿದ್ದರೆ ಇಂಥ ಸುರುಳಿಗಳಲ್ಲಿಯೇ, ಇಂಥ ಟ್ರಂಕುಗಳ ನೆಗೆಟಿವ್ ಲಕೋಟೆಗಳಲ್ಲಿಯೇ ಉಳಿದಿರಬೇಕು. ಕ್ಯಾಮೆರಾದ ಜೊತೆಗೆ ನೆಗೆಟಿವ್‌ಗಳ ಪೆಟ್ಟಿಗೆ ಇದ್ದರೆ ಅದನ್ನು ರದ್ದಿಗೆ ಹಾಕದಂತೆ ಮಾರುವವರಿಗೆ ತಿಳಿಹೇಳಬೇಕು. ಕ್ಯಾಮೆರಾ ಕೊಳ್ಳದಿದ್ದರೂ ಸರಿಯೆ.

ಕೊನೆಗೆ ಫಿಲ್ಮು ತೊಳೆಯುವ ಕೆಲಸ. ಕಪ್ಪು-ಬಿಳುಪಿನ ಫಿಲ್ಮನ್ನು ಮನೆಯಲ್ಲಿಯೇ ತೊಳೆಯಬಹುದು, ತೊಳೆಯಬೇಕು ಕೂಡ; ಅರ್ಧ ವಿಜ್ಞಾನ ಅಲ್ಲಿಯೇ ಇದೆ. ಡಿ-76 ಎಂಬ ಪ್ರಸಿದ್ಧ ದ್ರಾವಣಕ್ಕೆ ಒಂದು ಲೀಟರ್ ನೀರಿನಲ್ಲಿ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೊರಾಕ್ಸ್ ಬೀಳುತ್ತವೆ. ಬೆಳಕು ಕಂಡ ಹರಳುಗಳನ್ನು ಇದು ಲೋಹದ ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಬೆಳಕು ಕಾಣದವನ್ನು ‘ಹೈಪೊ’, ಎಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ತೆಗೆಯುತ್ತದೆ. ಈ ಲವಣದ ಕರಗಿಸುವ ಶಕ್ತಿಯನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಕೊಂಡಿದ್ದನು.

ಪುಸ್ತಕಗಳು 20 ಡಿಗ್ರಿ ಎನ್ನುತ್ತವೆ. ಜಮಖಂಡಿಯ ನಲ್ಲಿಯಲ್ಲಿ ಮೇ ತಿಂಗಳಲ್ಲಿ 20 ಡಿಗ್ರಿಯ ನೀರು ಎಲ್ಲಿಂದ ಬರಬೇಕು? ದ್ರಾವಣ 30 ಡಿಗ್ರಿ ಮೀರಿದರೆ ಫಿಲ್ಮಿನ ಜೆಲಾಟಿನ್ ಮೆತ್ತಗಾಗಿ ಉಬ್ಬುತ್ತದೆ. ಇಲ್ಲಿ ನಮ್ಮ ಮಣ್ಣಿನ ಮಡಕೆ ನೆರವಿಗೆ ಬರುತ್ತದೆ. ಶುಷ್ಕ ಗಾಳಿಯಲ್ಲಿ ಅದರ ಮೈಯಿಂದ ನೀರು ಆವಿಯಾಗುತ್ತ ಶಾಖವನ್ನು ಹೀರಿಕೊಳ್ಳುವುದರಿಂದ ಒಳಗಿನ ನೀರು ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಮಿಕ್ಕಿ ತಂಪಾಗಿರಬಲ್ಲದು. ರಾತ್ರಿಯಿಡೀ ತಣಿದ ಮಡಕೆಯ ನೀರಿಗೆ ನಾಲ್ಕು ಮಂಜುಗಡ್ಡೆ ಸೇರಿಸಿದರೆ 24 ಡಿಗ್ರಿಗೆ ಬರುವುದು ಕಷ್ಟವಲ್ಲ. 20 ಡಿಗ್ರಿಯಲ್ಲಿ 8 ನಿಮಿಷ ಬೇಕಾಗುವ ಫಿಲ್ಮಿಗೆ ಅಲ್ಲಿ 6 ನಿಮಿಷಕ್ಕೆ ತುಸು ಕಡಿಮೆ ಸಾಕು. ಫಿಲ್ಮು ತೊಳೆಯುವ ಎಲ್ಲ ದ್ರಾವಣಗಳೂ ನೀರೂ ಒಂದೇ ಉಷ್ಣತೆಯಲ್ಲಿರಬೇಕೆಂಬುದನ್ನು ಮರೆಯಬಾರದು.

ನಮ್ಮ ಸೀಮೆಯ ಇನ್ನೊಂದು ತೊಡಕು ಗಡಸು ನೀರು. ಮುಧೋಳ, ಲೋಕಾಪುರಗಳ ಸುತ್ತ ನೆಲದಡಿಯಲ್ಲಿ ಸುಣ್ಣಕಲ್ಲು ಹಾಸಿಕೊಂಡಿದೆ. ಅದನ್ನು ಹಾದು ಬಂದ ಕೊಳವೆ ಬಾವಿಯ ನೀರು ಒಣಗಿದರೆ ಫಿಲ್ಮಿನ ಮೇಲೆ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ಕೊನೆಯ ಮುಳುಗಿಗೆ ಮಾತ್ರ, ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನು ಬಳಸಬೇಕು. ಅರ್ಧ ಲೀಟರ್ ಸಾಕು. ಬಳಿಕ ಬಚ್ಚಲು ಮನೆಯ ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಫಿಲ್ಮನ್ನು ಮೇಲಿನಿಂದ ತೂಗುಬಿಟ್ಟು, ಕೆಳತುದಿಗೆ ಒಂದು ಬಟ್ಟೆಯ ಚಿಮಟಿಗೆ ಕಚ್ಚಿಸಿ, ಬಾಗಿಲು ಹಾಕಿಕೊಂಡು ಹೊರಗೆ ಬರಬೇಕು. ಎರಡು ಗಂಟೆ ಯಾರೂ ಒಳಗೆ ಹೋಗದಂತೆ ಮನೆಯವರಿಗೆ ಮೊದಲೇ ತಿಳಿಸಿರುವುದು ಉತ್ತಮ.